ಕೆಳಗಿನ ಮೆಟ್ಟಿಲ ಊರುಗಳು

(ನವರಾತ್ರಿಗೆ ಒಂದು ವಾರ ಮುಂಚೆ ಮೈಸೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಲವತ್ತು ವರ್ಷಗಳಿಂದ ಊರೂರು ಸುತ್ತುತ್ತಿದ್ದೀರಿ, ಕಂಡ ಊರುಗಳ ಬಗ್ಗೆ ಒಂದು ಗಂಟೆ ಮಾತನಾಡಿ ಎಂದು ಈ ವಾಚನಾಲಯದ ಗೆಳೆಯರು ನನ್ನನ್ನು ಕೇಳಿದರು. ಕಂಡ ಊರುಗಳ ಬಗ್ಗೆ ಈಗ ಯಾರು ಬೇಕಾದರೂ ಹೇಳಬಲ್ಲರು. ಹಂಪಿಯ ಕಲ್ಲಿನ ರಥವನ್ನು ನನಗಿಂತ ಚೆನ್ನಾಗಿ ತೋರಿಸುವವರು ನಿಮ್ಮ ಮೊಬೈಲಿನಲ್ಲೇ ಸಾವಿರ ಜನ ಸಿಗುತ್ತಾರೆ. ಹಾಗಾಗಿ ಊರುಗಳನ್ನು ಬಿಟ್ಟು, ಊರು ಸುತ್ತುವ ಈ ಹುಚ್ಚು ನನಗೆ ಎಲ್ಲಿ ಅಂಟಿಕೊಂಡಿತು ಎಂಬುದನ್ನು ಹೇಳಲು ಅನುಮತಿ ಕೇಳಿದೆ. ಸಾಕ್ಷಿಗೆಂದು ನಾಲ್ಕು ವಸ್ತುಗಳನ್ನು ತಂದು ಈ ಮೇಜಿನ ಮೇಲೆ ಇಟ್ಟಿದ್ದೇನೆ: ಒಂದು ಬಣ್ಣದ ಬುಗುರಿ, ಕೊಕ್ಕು ಮುರಿದ ಒಂದು ಮರದ ಗಿಣಿ, ಯಾವ ಆಕಾರವೂ ಇಲ್ಲದ ಒಂದು ಮಣ್ಣಿನ ಉಂಡೆ, ಮತ್ತು ರೈಲಿನ ಒಂದು ರಟ್ಟಿನ ಟಿಕೆಟ್. ಇವುಗಳಲ್ಲಿ ಯಾವುದನ್ನು ಮಾರಿದರೂ ಇವತ್ತಿನ ಕಾಫಿಯ ಖರ್ಚು ಹುಟ್ಟುವುದಿಲ್ಲ.

ನನ್ನ ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಅರಸೀಕೆರೆ, ಬೀರೂರು, ಹರಿಹರದ ಸುತ್ತಮುತ್ತಲಿನ ಸಣ್ಣಪುಟ್ಟ ನಿಲ್ದಾಣಗಳಲ್ಲಿ, ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗಾವಣೆಯಾಗುತ್ತ, ಹಂಚಿನ ಕ್ವಾರ್ಟರ್ಸ್‌ಗಳಲ್ಲಿ ನಮ್ಮ ಬಾಲ್ಯ ಕಳೆಯಿತು. ಆಗ ಆ ಮಾರ್ಗವೆಲ್ಲ ಮೀಟರ್ ಗೇಜು. ಹಳಿಗಳ ನಡುವೆ ಒಂದೇ ಮೀಟರು ಅಂತರ, ಅದರ ಮೇಲೆ ಉಗಿಬಂಡಿ. ಕಿಟಕಿಯ ಪಕ್ಕ ಕೂರಬೇಕೆಂದು ಅಣ್ಣನ ಜೊತೆ ಜಗಳವಾಡಿ ಗೆದ್ದರೆ, ಗೆದ್ದದ್ದಕ್ಕೆ ಸಿಗುತ್ತಿದ್ದ ಬಹುಮಾನ ಕಣ್ಣಿಗೆ ಬೀಳುವ ಕಲ್ಲಿದ್ದಲ ಪುಡಿ. ಅಮ್ಮ ಸೆರಗಿನ ತುದಿಯನ್ನು ಬಾಯುಸಿರಿನಿಂದ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತುತ್ತಿದ್ದರು. ರೈಲ್ವೆ ನೌಕರರ ಕುಟುಂಬಕ್ಕೆ ಪಾಸು ಸಿಗುತ್ತಿದ್ದುದರಿಂದ, ಹೋಲ್ಡಾಲ್, ಟ್ರಂಕು, ತಿರುಗು ಮುಚ್ಚಳದ ಕೂಜ, ಎರಡು ಡಬ್ಬಿ ಪುಳಿಯೋಗರೆ ಇಷ್ಟಿದ್ದರೆ ನಾವು ಎಲ್ಲಿಗೆ ಬೇಕಾದರೂ ಹೊರಡಬಹುದಾಗಿತ್ತು. ಹಣವಿರಲಿಲ್ಲ, ಆದರೆ ಪಾಸಿತ್ತು. ಆ ಕಾಲದ ನಮ್ಮ ಮಟ್ಟದ ಸಂಸಾರಗಳಿಗೆ ಇದೊಂದು ವಿಚಿತ್ರ ಶ್ರೀಮಂತಿಕೆ.

ಆದರೂ ನಾನು ಈ ಹುಚ್ಚನ್ನು ಕಲಿತದ್ದು ರೈಲಿನಲ್ಲಿ ಎಂದು ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ, ಅದೂ ವರ್ಷಕ್ಕೊಮ್ಮೆ ಗೊಂಬೆ ಪೆಟ್ಟಿಗೆ ಬಿಚ್ಚುವ ದಿನ, ನೆಲದ ಮೇಲೆ ಕೂತು ಕಲಿತೆ.

ಮೈಸೂರಿನವರಿಗೆ ಗೊಂಬೆ ಹಬ್ಬದ ಬಗ್ಗೆ ವಿವರಿಸುವುದು ಹೊಳೆಗೆ ನೀರು ಹೊತ್ತು ತಂದ ಹಾಗಾದೀತು. ಮೇಲಿನ ಮೆಟ್ಟಿಲಲ್ಲಿ ಅಮ್ಮನ ತವರಿನಿಂದ ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ದಶಾವತಾರ, ಅದರ ಕೆಳಗೆ ಅಕ್ಕಿ ಬೇಳೆಯ ಅಂಗಡಿ ಹರಡಿಕೊಂಡ ಶೆಟ್ಟಿ ಮತ್ತು ಶೆಟ್ಟಮ್ಮ, ನೆಲದಲ್ಲಿ ಮೊಳೆತ ರಾಗಿಯ ಹಸಿರು ಪಾರ್ಕು, ಇವೆಲ್ಲ ಎಲ್ಲರ ಮನೆಯಲ್ಲೂ ಇರುತ್ತಿದ್ದವು. ನಮ್ಮ ಮನೆಯ ವಿಶೇಷವೆಂದರೆ ಕೆಳಗಿನ ಎರಡು ಮೆಟ್ಟಿಲುಗಳು. ಅವನ್ನು ಅಮ್ಮ 'ಊರಿನ ಮೆಟ್ಟಿಲು' ಎಂದು ಕರೆಯುತ್ತಿದ್ದರು. ಹೋಗಿಬಂದ ಪ್ರತಿಯೊಂದು ಊರಿಗೆ ಒಂದು ವಸ್ತು, ಒಂದೇ ಒಂದು, ಅದೂ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು ಎಂಬುದು ಅವರ ಕಟ್ಟಳೆ. ವರ್ಗಾವಣೆಯ ಸಂಸಾರದಲ್ಲಿ ಪೆಟ್ಟಿಗೆಯ ಜಾಗಕ್ಕೆ ಬೆಲೆ ಹೆಚ್ಚು ಎಂಬುದು ಇದಕ್ಕೆ ಕಾರಣ. ಕೊಳ್ಳಲು ದುಡ್ಡಿಲ್ಲದಿದ್ದರೆ ಹೊಳೆಯ ಕಲ್ಲಾದರೂ ಸರಿ. ಧಾರವಾಡದಿಂದ ಬಂದದ್ದು ಪೇಡೆಯ ರಟ್ಟಿನ ಡಬ್ಬಿ ಮಾತ್ರ, ಏಕೆಂದರೆ ಪೇಡೆ ಹಾವೇರಿ ದಾಟುವುದರೊಳಗೆ ಮುಗಿದಿತ್ತು. ಆ ಖಾಲಿ ಡಬ್ಬಿಯೂ ಒಂಬತ್ತು ದಿನ ಗಂಭೀರವಾಗಿ ಮೆಟ್ಟಿಲ ಮೇಲೆ ಕೂರುತ್ತಿತ್ತು.

ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಆ ವಸ್ತುಗಳನ್ನು ಬಿಚ್ಚುವಾಗ ಅಮ್ಮ ನಮಗೆ ಏನನ್ನೂ ಹೇಳುತ್ತಿರಲಿಲ್ಲ, ಕೇಳುತ್ತಿದ್ದರು. "ಇದು ಎಲ್ಲಿಂದ ಬಂತು ಹೇಳು ಪುಟ್ಟಿ? ಆವತ್ತು ಮಳೆ ಬಂದಿತ್ತೋ ಇಲ್ಲವೋ? ಅಂಗಡಿಯವನು ಎಷ್ಟು ಹೇಳಿದ, ಅಪ್ಪ ಎಷ್ಟಕ್ಕೆ ಇಳಿಸಿದರು?" ಅಣ್ಣ ಒಂದು ಹೇಳಿದರೆ ಅಕ್ಕ ಇನ್ನೊಂದು ಹೇಳಿ ಜಗಳ ಹೂಡುವಳು, ನಾನು ಚಿಕ್ಕವಳಾದ್ದರಿಂದ ಇಬ್ಬರ ಮಾತನ್ನೂ ಸೇರಿಸಿ ಮೂರನೆಯದೊಂದನ್ನು ಹುಟ್ಟುಹಾಕುವೆ. ಸಂಜೆ ಅಕ್ಕಪಕ್ಕದ ಕ್ವಾರ್ಟರ್ಸ್‌ನ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಾಗ, ಮಕ್ಕಳ ಕೈಗೆ ಬೊಂಬೆ ಬಾಗಿನದ ಚಕ್ಕುಲಿ ಬೀಳುವ ಮುನ್ನ, ನಾವು ಆ ಎರಡು ಮೆಟ್ಟಿಲನ್ನು ಅವರಿಗೆ ವಿವರಿಸಬೇಕಿತ್ತು. ಒಂಬತ್ತು ಸಂಜೆ ಒಂದೇ ಕಥೆ ಹೇಳಿದರೆ ಹತ್ತನೆಯ ದಿನ ಆ ಕಥೆ ನಮ್ಮದೇ ಮೈಯ ಭಾಗವಾಗಿರುತ್ತಿತ್ತು.

ಬಹಳ ಕಾಲದ ಮೇಲೆ, ಅಧ್ಯಾಪಕಿಯಾಗಿದ್ದಾಗ, ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬಿನ್ ಫೈವುಷ್ ಅವರ ಸಂಶೋಧನೆಯ ಬಗ್ಗೆ ಓದಿದೆ. ಕಳೆದುಹೋದ ಘಟನೆಗಳ ಬಗ್ಗೆ ತಾಯಂದಿರು ಮಕ್ಕಳೊಡನೆ ಹೇಗೆ ಮಾತನಾಡುತ್ತಾರೆ ಎಂಬುದು ಅವರ ಅಧ್ಯಯನದ ವಿಷಯ. ಹೌದು ಅಥವಾ ಇಲ್ಲ ಎನ್ನಿಸಿ ಮುಗಿಸದೆ, ಏನಾಯಿತು, ಯಾರಿದ್ದರು, ಆಗ ನಿನಗೆ ಹೇಗನ್ನಿಸಿತು ಎಂದು ಬಿಡಿಸಿ ಕೇಳುವ ತಾಯಂದಿರ ಮಕ್ಕಳು ಮುಂದೆ ತಮ್ಮ ಬದುಕಿನ ಘಟನೆಗಳನ್ನು ಹೆಚ್ಚು ವಿವರವಾಗಿ ನೆನೆಯಬಲ್ಲರು ಎಂಬುದು ಅವರೂ ಅವರ ಸಹೋದ್ಯೋಗಿಗಳೂ ಕಂಡುಕೊಂಡ ಸಂಗತಿ. ಓದಿದಾಗ ನನಗೆ ನಗು ಬಂತು. ಎಸ್ಸೆಸ್ಸೆಲ್ಸಿ ಮುಗಿಸಿರದ ನನ್ನ ಅಮ್ಮ ಸೀರೆ ತುಂಡು ಬಿಚ್ಚುತ್ತ ಮಾಡುತ್ತಿದ್ದುದು ಇದನ್ನೇ.

ಈಗ ಈ ಬುಗುರಿಯನ್ನು ನೋಡಿ. ಇದು ಚನ್ನಪಟ್ಟಣದ್ದು ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾವತ್ತೂ ವಿವಾದವಿರಲಿಲ್ಲ, ಏಕೆಂದರೆ ಇದು ಹುಟ್ಟಿದ್ದನ್ನು ನಾವು ಮೂವರೂ ಕಣ್ಣಾರೆ ನೋಡಿದ್ದೆವು. ಬೇಸಿಗೆ ರಜೆಗೆ ಮೈಸೂರಿನ ಅಜ್ಜಿಯ ಮನೆಗೆ ಹೋಗುವಾಗ ಅಪ್ಪ ಒಮ್ಮೆ ನಮ್ಮನ್ನು ಚನ್ನಪಟ್ಟಣದಲ್ಲಿ ಇಳಿಸಿಕೊಂಡು, ಒಂದು ಓಣಿಯ ಮನೆಗೆ ಕರೆದೊಯ್ದರು. ಆಲೆ ಮರದ ಬಿಳಿಯ ತುಂಡೊಂದು ಚರಕಿಯಲ್ಲಿ ಗಿರಗಿರ ತಿರುಗುತ್ತಿತ್ತು. ಉಳಿ ತಾಗಿದಲ್ಲೆಲ್ಲ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತಿತ್ತು. ಆಕಾರ ಬಂದ ಮೇಲೆ ಆ ಮನುಷ್ಯ ಕೆಂಪು ಅರಗಿನ ಕಡ್ಡಿಯೊಂದನ್ನು ತಿರುಗುತ್ತಿದ್ದ ಮರಕ್ಕೆ ಒತ್ತಿ ಹಿಡಿದ. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರದ ಮೈಗೆ ಕೆಂಪಾಗಿ ಹರಡಿಕೊಂಡಿತು. ಆಮೇಲೆ ಹಳದಿ, ಅದರ ಪಕ್ಕ ಹಸಿರು. ಕೊನೆಗೆ ಒಂದು ತುಂಡು ತಾಳೆಗರಿಯನ್ನು ಮಡಚಿ ಒತ್ತಿದಾಗ, ಮಂಕಾಗಿದ್ದ ಬಣ್ಣ ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. ಕರಗಿದ ಅರಗಿನ ಆ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟದ್ದು, ಈಗಲೂ ನನ್ನ ಮೂಗಿನಲ್ಲಿದೆ. ಬುಗುರಿ ಕೈಗೆ ಬಂದಾಗ ಇನ್ನೂ ಬೆಚ್ಚಗಿತ್ತು. ವಸ್ತುವೊಂದು ಅಂಗಡಿಯಲ್ಲಿ ಹುಟ್ಟುವುದಿಲ್ಲ, ಯಾರದೋ ಕೈಯಲ್ಲಿ, ಯಾವುದೋ ಓಣಿಯಲ್ಲಿ ಹುಟ್ಟುತ್ತದೆ ಎಂದು ಆರು ವರ್ಷದ ನನಗೆ ಆವತ್ತು ತಿಳಿಯಿತು. ಹೊಸ ಊರಿಗೆ ಹೋದರೆ ದೇವಸ್ಥಾನಕ್ಕಿಂತ ಮೊದಲು ಓಣಿಯನ್ನು ಹುಡುಕುವ ನನ್ನ ಚಾಳಿ ಶುರುವಾದದ್ದು ಅಲ್ಲಿಂದಲೇ.

ಗಿಣಿಯ ಕಥೆ ಇಷ್ಟು ಸರಳವಲ್ಲ. ಅಮ್ಮನ ಪ್ರಕಾರ ಇದನ್ನು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕೊಂಡದ್ದು. ಅಣ್ಣನ ಪ್ರಕಾರ ಗೋಕಾಕದಲ್ಲಿ, ಜಲಪಾತ ನೋಡಲು ಹೋದಾಗ, ಮಣ್ಣಿನ ಹಣ್ಣುಗಳ ಜೊತೆ ಕೊಂಡದ್ದು. ಗೋಕಾಕದ ಮಣ್ಣಿನ ಹಣ್ಣುಗಳನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮಾವು, ಸೀತಾಫಲ, ಬಾಳೆ, ದೂರದಿಂದ ನೋಡಿದರೆ ಕಚ್ಚಬೇಕೆನ್ನಿಸುವಷ್ಟು ನಿಜವಾದವು. ನಾನು ಮಾತ್ರ ಅಮ್ಮನ ಪಕ್ಷ, ಏಕೆಂದರೆ ನನಗೆ ಆ ಜಾತ್ರೆ ಚೆನ್ನಾಗಿ ನೆನಪಿತ್ತು: ಬನಶಂಕರಿಯ ಹೊಂಡದ ಸುತ್ತಲಿನ ಕಲ್ಲಿನ ಮಂಟಪ, ನೀರಿನಲ್ಲಿ ಅಲುಗುತ್ತಿದ್ದ ದೀಪ, ಅಪ್ಪನ ಹೆಗಲ ಮೇಲೆ ಕೂತಿದ್ದ ನಾನು, ನನ್ನ ಕೈಯಲ್ಲಿ ಹಸಿರು ಗಿಣಿ.

ಈ ವಿವಾದ ಮೂವತ್ತು ವರ್ಷ ನಡೆಯಿತು. ಅಣ್ಣನ ಕಡೆಯ ಸಾಕ್ಷ್ಯ ಆಗಲೇ ನಾಶವಾಗಿತ್ತು. ಹರಿಹರದ ಕಡೆಯಿಂದ ಬೀರೂರಿನ ಕಡೆಗೆ ವರ್ಗವಾದಾಗ, ಸಾಮಾನು ಹೇರಿದ ಲಾರಿಯವನು ಟಾರ್ಪಾಲು ಸರಿಯಾಗಿ ಕಟ್ಟದೆ, ರಾತ್ರಿಯಿಡೀ ಸುರಿದ ಮಳೆಯಲ್ಲಿ ಒಂದು ಪೆಟ್ಟಿಗೆ ಪೂರ್ತಿ ನೆನೆಯಿತು. ಬಿಚ್ಚಿದರೆ ಮರದ ಗೊಂಬೆಗಳು ಉಳಿದಿದ್ದವು, ಗೋಕಾಕದ ಹಣ್ಣುಗಳು ಸೀರೆಯ ತುಂಡಿನೊಳಗೆ ಒಂದೇ ಮುದ್ದೆಯಾಗಿದ್ದವು. ಅಕ್ಕ ಅತ್ತಳು. ಅಮ್ಮ ಆ ಮುದ್ದೆಯನ್ನು ಎಸೆಯಲಿಲ್ಲ. ಒಣಗಿಸಿ, ಆ ವರ್ಷದ ನವರಾತ್ರಿಯಲ್ಲಿ ಅದನ್ನೇ ಅದರ ಜಾಗದಲ್ಲಿ ಕೂರಿಸಿದರು. ಬಂದ ಹೆಂಗಸರಿಗೆ ನಾವು ಎಂದಿನಂತೆ ಹೇಳಿದೆವು: ಇದು ಗೋಕಾಕದ ಸೀತಾಫಲ, ಇದು ಮಾವು. ಒಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಎಲ್ಲಮ್ಮಾ ಮಾವು?" ಎಂದರು. ಈ ಉಂಡೆ ಆವತ್ತಿನಿಂದ ಒಂದು ವರ್ಷವೂ ತಪ್ಪದೆ ಮೆಟ್ಟಿಲೇರಿದೆ.

ಹೀಗೆ ಸಾಕ್ಷ್ಯವಿಲ್ಲದೆ ಕೂತಿದ್ದ ವ್ಯಾಜ್ಯವನ್ನು ನಾನು ನನ್ನ ನಲವತ್ತರ ಹೊತ್ತಿಗೆ ಕೊಪ್ಪಳದ ಬಳಿಯ ಕಿನ್ನಾಳಕ್ಕೆ ಒಯ್ದೆ. ಅಲ್ಲಿನ ಚಿತ್ರಗಾರ ಮನೆತನದವರು ತಲೆಮಾರುಗಳಿಂದ ಹಗುರವಾದ ಮರದಲ್ಲಿ ದೇವರನ್ನೂ ಪ್ರಾಣಿಪಕ್ಷಿಗಳನ್ನೂ ಮಾಡುವವರು. ತುಂಡುತುಂಡಾಗಿ ಕೆತ್ತಿದ್ದನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಮರದ ಹೊಟ್ಟನ್ನು ಅದೇ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ಸಂದು ಮುಚ್ಚಿ, ಮೇಲೆ ಬಣ್ಣ ತೊಡಿಸುತ್ತಾರೆ. ಹಿರಿಯ ಕುಶಲಕರ್ಮಿಯೊಬ್ಬರು ನನ್ನ ಗಿಣಿಯನ್ನು ಕೈಯಲ್ಲಿ ತೂಗಿದರು, ಕೊಕ್ಕು ಮುರಿದಲ್ಲಿ ಉಗುರಿನಿಂದ ಕೆರೆದು ಕಿಟ್ಟದ ಪುಡಿಯನ್ನು ಮೂಸಿದರು. "ಇದು ನಮ್ಮ ಊರಿಂದ ಐತ್ರಿ ಅಕ್ಕಾರ. ಆದ್ರ ಯಾವ ಜಾತ್ರ್ಯಾಗ ಮಾರೇವಿ ಅನ್ನೋದನ್ನ ಆ ಗಿಣೀನ ಹೇಳಬೇಕ್ರಿ" ಎಂದರು.

ಅಂದರೆ ಅಮ್ಮ ಹೇಳಿದ್ದೂ ನಿಜವಿರಬಹುದು, ಅಣ್ಣ ಹೇಳಿದ್ದೂ ನಿಜವಿರಬಹುದು. ವಸ್ತು ಹುಟ್ಟಿದ ಊರು ಒಂದು, ಕೊಂಡ ಊರು ಮತ್ತೊಂದು, ನೆನಪಿನಲ್ಲಿ ಅದು ಸೇರಿಕೊಂಡ ಊರು ಇನ್ನೊಂದು. ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಗೊಂಬೆ, ಬೀದರಿನ ಬಿದ್ರಿ ಇವಕ್ಕೆಲ್ಲ ಈಗ ಕಾನೂನಿನ ಪ್ರಕಾರ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹುಟ್ಟಿದ ಊರು ಯಾವುದೆಂದು ಆ ಮಾನ್ಯತೆ ಖಾತ್ರಿ ಕೊಡುತ್ತದೆ. ಉಳಿದೆರಡು ಊರುಗಳಿಗೆ ಯಾವ ಕಚೇರಿಯೂ ಖಾತ್ರಿ ಕೊಡಲಾರದು.

ನನ್ನ ವಿಷಯದಲ್ಲಂತೂ ಇನ್ನೊಂದು ಏಟು ಕಾದಿತ್ತು. ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಡೈರಿಗಳನ್ನು ನೋಡಿದಾಗ, ನಾವು ಬಾದಾಮಿಗೆ ಹೋದದ್ದು 1965ರ ಜನವರಿಯ ಬನದ ಹುಣ್ಣಿಮೆಗೆ ಎಂದು ತಿಳಿಯಿತು. ನಾನು ಹುಟ್ಟಿದ್ದು 1963ರ ಶ್ರಾವಣದಲ್ಲಿ. ಒಂದೂವರೆ ವರ್ಷದ ಮಗುವಿನ ನೆನಪು ದೊಡ್ಡವರಾಗುವ ತನಕ ಉಳಿಯುವುದಿಲ್ಲ; ಸಾಮಾನ್ಯವಾಗಿ ನಮ್ಮ ಅತ್ಯಂತ ಹಳೆಯ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು ಎಂದು ಮನೋವಿಜ್ಞಾನಿಗಳು ಹೇಳುತ್ತಾರೆ. ಹಾಗಾದರೆ ಹೊಂಡದ ನೀರಿನಲ್ಲಿ ಅಲುಗುತ್ತಿದ್ದ ದೀಪವನ್ನು ನಾನು ನೋಡಿದ್ದು ಎಲ್ಲಿ? ಅಮ್ಮನ ಮಾತಿನಲ್ಲಿ. ನವರಾತ್ರಿ ನವರಾತ್ರಿಗೆ ಕೇಳಿ ಕೇಳಿ, ಹೇಳಿ ಹೇಳಿ, ಅವರ ಕಣ್ಣಿನ ದೀಪವನ್ನು ನಾನು ನನ್ನ ಕಣ್ಣಿನದೆಂದು ಬಗೆದಿದ್ದೆ. ಮೊದಲು ಮೋಸ ಹೋದಂತೆ ಅನ್ನಿಸಿತು. ಆಮೇಲೆ ಬಾದಾಮಿಗೆ ಹೊರಟೆ. ನಲವತ್ತು ದಾಟಿದ ಮೇಲೆ ನಾನು ಕೈಗೊಂಡ ಪ್ರವಾಸಗಳಲ್ಲಿ ಅರ್ಧದಷ್ಟು ಹೀಗೆಯೇ, ಎರವಲು ನೆನಪಿನ ಊರುಗಳನ್ನು ನನ್ನ ಕಣ್ಣಿನಿಂದ ಒಮ್ಮೆ ನೋಡಿಬರಲು ಹೊರಟದ್ದು.

ಇಲ್ಲಿ ನಮ್ಮ ಅಜ್ಜಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಅಮ್ಮನ ಕಟ್ಟಳೆಯ ಬೇರು ಅವರಲ್ಲಿತ್ತು. ಪ್ರವಾಸದಿಂದ ಏನನ್ನಾದರೂ ತರುವ ಪದ್ಧತಿಯನ್ನು ನಮಗೆ ಯಾವ ಪ್ರವಾಸೋದ್ಯಮವೂ ಕಲಿಸಬೇಕಿರಲಿಲ್ಲ. ಕಾಶಿಗೆ ಹೋದವರು ಗಂಗೆಯ ನೀರು ತುಂಬಿ ಬೆಸುಗೆ ಹಾಕಿದ ತಾಮ್ರದ ಪುಟ್ಟ ಗಿಂಡಿಯನ್ನು ತರುತ್ತಿದ್ದರು. ರಾಮೇಶ್ವರದ ಮರಳನ್ನು ಒಯ್ದು ಗಂಗೆಯಲ್ಲಿ ಬಿಟ್ಟು, ಗಂಗೆಯ ನೀರನ್ನು ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿಸಿದರೆ ಯಾತ್ರೆ ಪೂರ್ಣ ಎಂಬ ನಂಬಿಕೆಯಿತ್ತು. ಹಿಂತಿರುಗಿದ ಮೇಲೆ ಗಂಗಾ ಸಮಾರಾಧನೆ ಮಾಡಿ, ನೆಂಟರಿಷ್ಟರನ್ನು ಊಟಕ್ಕೆ ಕರೆದು, ಕಾಶಿದಾರವನ್ನು ಎಲ್ಲರ ಕೈಗೂ ಕಟ್ಟುವ ತನಕ ಅವರು ಮನೆಗೆ ಬಂದರೂ ಯಾತ್ರೆಯಿಂದ ಬಂದಂತಾಗುತ್ತಿರಲಿಲ್ಲ. ಹೋಗಲಾಗದೆ ಉಳಿದವರಿಗೂ ಅದರಲ್ಲಿ ಪಾಲು ಇತ್ತು. ನನಗೆ ಗಂಗಾ ಸಮಾರಾಧನೆಯ ಈ ಭಾಗವೇ ಬಹಳ ಹಿಡಿಸಿದ್ದು. ಈಗಿನವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತದ ಬಿಲ್ಲೆಗಳನ್ನು ನೋಡಿ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ, ಆದರೆ ಅದು ಎಲ್ಲಿಂದ ಬಂತೆಂದು ಆ ಮನೆಯ ಮಗುವನ್ನು ಕೇಳಿ ನೋಡುತ್ತೇನೆ. ಮಗು ಹೇಳಿದರೆ ಬಿಲ್ಲೆ ಒಳ್ಳೆಯದೇ.

ಅಜ್ಜಿಯ ಗಿಂಡಿ ಮೂವತ್ತೊಂದು ವರ್ಷ ದೇವರ ಮನೆಯ ಗೂಡಿನಲ್ಲಿತ್ತು. ಅದನ್ನು ಮುಟ್ಟಬಾರದು ಎಂದಷ್ಟೇ ನಮಗೆ ಗೊತ್ತಿತ್ತು. ಕೊನೆಯ ದಿನ ಅಪ್ಪ ಅದರ ಬೆಸುಗೆ ಒಡೆದು, ಒಂದು ಉದ್ಧರಣೆ ನೀರನ್ನು ಅಜ್ಜಿಯ ಬಾಯಿಗೆ ಬಿಟ್ಟರು. ಖಾಲಿ ಗಿಂಡಿಯನ್ನು ಅಮ್ಮ ಗೊಂಬೆ ಮೆಟ್ಟಿಲಿಗೆ ಸೇರಿಸಲಿಲ್ಲ, ನಾನೂ ಇವತ್ತು ಈ ಮೇಜಿಗೆ ತರಲಿಲ್ಲ. ಕೆಲವು ವಸ್ತುಗಳನ್ನು ಇಟ್ಟುಕೊಳ್ಳುವುದು ಒಂದು ದಿನ ಖರ್ಚು ಮಾಡುವುದಕ್ಕೆ.

ನನ್ನ ಸ್ವಂತ ತಿರುಗಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಬೀದರನ್ನು ಮಾತ್ರ ಬಿಡಲಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ತಟ್ಟಿ ಕೂರಿಸುತ್ತಾರೆ; ಅಷ್ಟಾದರೂ ಎಲ್ಲ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ಗೊತ್ತಾಗದು. ಆಮೇಲೆ ಹಳೆಯ ಕೋಟೆಯೊಳಗಿನ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿಯಾಗಿ ಉಜ್ಜಿದರೆ, ಪಾತ್ರೆಯ ಮೈ ಕಡುಗಪ್ಪಾಗಿ, ಬೆಳ್ಳಿಯ ಬಳ್ಳಿ ಮಾತ್ರ ಬೆಳಗುತ್ತದೆ. ಕೆಲಸಗಾರರು ಮಣ್ಣನ್ನು ನಾಲಗೆಯ ತುದಿಗೆ ಮುಟ್ಟಿಸಿ ಪರೀಕ್ಷಿಸುತ್ತಿದ್ದುದನ್ನು ನೋಡಿ ನಾನೂ ಒಂದು ಚಿಟಿಕೆ ಕೇಳಿ ಪಡೆದೆ. ಬಿದ್ರಿಯ ಹೂದಾನಿ ನನ್ನ ಕೈಗೆ ಎಟುಕುವ ಬೆಲೆಯದಾಗಿರಲಿಲ್ಲ. ಹಾಗಾಗಿ ನಮ್ಮ ಮೆಟ್ಟಿಲಲ್ಲಿ ಬೀದರ್ ಎಂದರೆ ಒಂದು ಸಣ್ಣ ಶೀಸೆಯಲ್ಲಿರುವ ಮಣ್ಣು. ಅಮೆರಿಕದಲ್ಲಿರುವ ಅಕ್ಕನ ಮಗಳು ಅಲ್ಲಿ ಪುಸ್ತಕದ ಕಪಾಟಿನಲ್ಲೇ ಗೊಂಬೆ ಕೂರಿಸುತ್ತಾಳೆ. ಅವಳು ಕಳೆದ ಸಲ ಬಂದಾಗ ಅದರಲ್ಲಿ ಅರ್ಧ ಚಮಚ ಕೇಳಿ ಒಯ್ದಳು.

ಉಳಿದದ್ದು ಟಿಕೆಟ್. ಹಿರಿಯರಿಗೆ ಇದರ ಪರಿಚಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಥಾಮಸ್ ಎಡ್ಮಂಡ್‌ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ನೌಕರ ರೂಪಿಸಿದ, ಎರಡು ಬೆರಳಿನಷ್ಟು ಅಗಲದ, ಅನುಕ್ರಮ ಸಂಖ್ಯೆ ಅಚ್ಚಾದ ಈ ದಪ್ಪ ರಟ್ಟು ನಮ್ಮ ದೇಶದಲ್ಲಿ ಗಣಕಯಂತ್ರ ಬರುವವರೆಗೂ ಆಳಿತು. ಅಪ್ಪ ಅದನ್ನು ತಾರೀಕಿನ ಯಂತ್ರದ ಸಂದಿಗೆ ತೂರಿಸಿ 'ಟಕ್' ಎನ್ನಿಸಿ ಕಿಂಡಿಯಾಚೆಗೆ ಕೊಡುವುದನ್ನು ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ನಮಗೆ ಪಾಸಿದ್ದುದರಿಂದ ನಾನು ಬಾಲ್ಯದಲ್ಲಿ ಒಮ್ಮೆಯೂ ಟಿಕೆಟ್ ಹಿಡಿದು ರೈಲು ಹತ್ತಲಿಲ್ಲ. ಬೇರೆ ಮಕ್ಕಳಿಗೆ ರೈಲೇ ಆಸೆಯಾದರೆ ನನಗೆ ಟಿಕೆಟ್ಟೇ ಆಸೆ. ಊರಿನ ಮೆಟ್ಟಿಲಿಗೆ ಒಂದು ಕೊಡಿ ಎಂದು ಗೋಗರೆದಿದ್ದೇನೆ. ಪ್ರಯಾಣ ಮುಗಿದ ಮೇಲೆ ಟಿಕೆಟ್ಟನ್ನು ಗೇಟಿನಲ್ಲಿ ಒಪ್ಪಿಸಬೇಕು, ಅದು ರೈಲ್ವೆಯ ಆಸ್ತಿ ಎಂಬುದು ಅವರ ಉತ್ತರ. ವಸೂಲಾದ ಹಳೆಯ ಟಿಕೆಟ್ಟುಗಳ ಕಟ್ಟು ಕಾಲಬುಡದಲ್ಲೇ ಬಿದ್ದಿರುತ್ತಿತ್ತು. ಒಂದನ್ನೂ ಕೊಡಲಿಲ್ಲ.

ಅವರ ಸೇವೆಯ ಕೊನೆಯ ವರ್ಷಗಳು ಸಕಲೇಶಪುರದ ಕಡೆ ಕಳೆದವು. ಅಲ್ಲಿಂದ ಸುಬ್ರಹ್ಮಣ್ಯ ರೋಡಿಗೆ ಘಟ್ಟ ಇಳಿಯುವ 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳು, 109 ಸೇತುವೆಗಳು. ಅವುಗಳ ಲೆಕ್ಕವನ್ನು ಅಪ್ಪ ಸಹಸ್ರನಾಮದಂತೆ ಒಪ್ಪಿಸುತ್ತಿದ್ದರು. ಗೇಜು ಬದಲಾವಣೆಗೆಂದು 1996ರಲ್ಲಿ ಆ ಮಾರ್ಗ ನಿಂತಿತು. ಪ್ರಯಾಣಿಕರ ರೈಲು ಮತ್ತೆ ಅಲ್ಲಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಅದನ್ನು ನೋಡಲು ಅಪ್ಪ ಇರಲಿಲ್ಲ. ಮಾರ್ಗ ನಿಲ್ಲುವ ಕೆಲವು ದಿನ ಮುಂಚೆ, ಆಗಲೇ ನಿವೃತ್ತರಾಗಿದ್ದ ಅವರು ಮೈಸೂರಿನಿಂದ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋದರು. ಕಿಂಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಸುಬ್ರಹ್ಮಣ್ಯ ರೋಡಿಗೆ ಎರಡನೆಯ ದರ್ಜೆಯ ಟಿಕೆಟ್ ತೆಗೆದುಕೊಂಡರು. ರೈಲು ಬಂತು, ನಿಂತಿತು, ಹೊರಟಿತು. ಅವರು ಹತ್ತಲಿಲ್ಲ. ಹತ್ತಿದ್ದರೆ ಆ ತುದಿಯಲ್ಲಿ ಟಿಕೆಟ್ ಕೊಡಬೇಕಾಗುತ್ತಿತ್ತು.

ಸಂಜೆ ಮನೆಗೆ ಬಂದು, ಮೂವತ್ತು ದಾಟಿದ್ದ ನನ್ನ ಅಂಗೈಯಲ್ಲಿ ಇದನ್ನು ಇಟ್ಟು, "ನಿನ್ನ ಮೆಟ್ಟಿಲಿಗೆ" ಎಂದರು. ಮುಂದಿನ ವಾರ ಗೊಂಬೆ ಪೆಟ್ಟಿಗೆ ಬಿಚ್ಚುತ್ತೇವೆ. ನಮ್ಮ ಮನೆ ಇಲ್ಲಿಗೆ ಎರಡನೇ ತಿರುವು, ಬನ್ನಿ. ಗಿಣಿ ಯಾವ ಊರಿನದೆಂದು ಈ ವರ್ಷ ವಿವರಿಸುವ ಸರದಿ ಅಣ್ಣನ ಮೊಮ್ಮಗನದು, ಅವನು ಗೋಕಾಕದ ಪಕ್ಷ.